ತಡವಾದರೆ ಕೈತಪ್ಪುವ ಹಕ್ಕುಗಳು: ಗೋಪನಕೊಪ್ಪದ ತಂದೆ-ತಾಯಂದಿರಿಗೆ

ಕೂಸು ಹುಟ್ಟಿದ 24 ತಾಸಿನೊಳಗೆ ಹೆಪಟೈಟಿಸ್-ಬಿ ಸೂಜಿ ಹಾಕಿಸಬೇಕು. 21 ದಿನದೊಳಗೆ ಜನನ ನೋಂದಣಿ ಆಗಬೇಕು. ರೋಟಾವೈರಸ್ ಹನಿಯ ಮೊದಲ ಡೋಸು ವರ್ಷ ತುಂಬುವ ಮೊದಲೇ ಬೀಳದಿದ್ದರೆ ಆಮೇಲೆ ಕೊಡುವುದಿಲ್ಲ. ಹೆಣ್ಣುಮಗುವಿನ ಭಾಗ್ಯಲಕ್ಷ್ಮಿ ಅರ್ಜಿಗೂ ಹುಟ್ಟಿದಂದಿನಿಂದ ಒಂದೇ ವರ್ಷದ ಅವಧಿ. ಮಕ್ಕಳ ಆರೋಗ್ಯ, ಆರೈಕೆ, ಸಾಮಾಜಿಕ ನೆರವಿಗೆ ಸಂಬಂಧಿಸಿದ ಕಾನೂನುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಆದರೆ ಈ ಕಾನೂನುಗಳು ಕೊಡುವ ಹಕ್ಕುಗಳಲ್ಲಿ ಹೆಚ್ಚಿನವು ಮಗುವಿನ ವಯಸ್ಸಿಗೆ ಕಟ್ಟಿದವು. ದೊಡ್ಡವರ ಪಿಂಚಣಿ ಆರು ತಿಂಗಳು ತಡವಾಗಿ ಬಂದರೂ ಬಂದೀತು. ಮಗುವಿಗೆ ಒಂಬತ್ತನೇ ತಿಂಗಳಲ್ಲಿ ಸಿಗಬೇಕಾದದ್ದು ಮೂರನೇ ವರ್ಷದಲ್ಲಿ ಸಿಕ್ಕರೆ ಅದರ ಅರ್ಧ ಫಲ ಹೋಗಿರುತ್ತದೆ. ಈ ಲೇಖನವನ್ನು ಆ ಲೆಕ್ಕದಲ್ಲೇ, ಯಾವಾಗ ಎಲ್ಲಿಗೆ ಹೋಗಬೇಕು ಎಂಬುದನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ.

ಗೋಪನಕೊಪ್ಪದವರಿಗೆ ಇನ್ನೊಂದು ತೊಡಕಿದೆ. ಕೇಶ್ವಾಪುರ, ಬೆಂಗೇರಿಗಳ ನೆರೆಯ ಈ ಊರಿನ ಹಳೆಯ ಓಣಿಗಳು ನಡೆನುಡಿಯಲ್ಲಿ ಇನ್ನೂ ಹಳ್ಳಿಯೇ. ದಾಖಲೆಯಲ್ಲಿ ಮಾತ್ರ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ. ಇಲ್ಲಿ ಗ್ರಾಮ ಪಂಚಾಯಿತಿ ಇಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಸರ್ಕಾರ ತೆರೆದ 'ಕೂಸಿನ ಮನೆ'ಗಳು ಪಂಚಾಯಿತಿ ಮಟ್ಟದವು, ಮಕ್ಕಳ ಗ್ರಾಮಸಭೆಯೂ ಹಾಗೆಯೇ. ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಹಿಡಿದವರು ತಮ್ಮ ಊರಲ್ಲಿ ಕಂಡದ್ದನ್ನು ಇಲ್ಲಿ ಹುಡುಕಿ, ಸಿಗದೆ, ಸಿಟಿಯೊಳಗೆ ಏನೂ ಇಲ್ಲ ಎಂದು ಕೈಚೆಲ್ಲುವುದುಂಟು. ಇಲ್ಲಿಯೂ ಇದೆ. ಬಾಗಿಲುಗಳು ಬೇರೆ: ಅಂಗನವಾಡಿ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಪಾಲಿಕೆಯ ವಲಯ ಕಚೇರಿ. ನಿಮ್ಮ ಓಣಿ ಯಾವ ಅಂಗನವಾಡಿಗೆ, ಯಾವ ಆರೋಗ್ಯ ಕೇಂದ್ರಕ್ಕೆ ಸೇರಿದೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಅದೇ ಮೊದಲು.

ಹೆರಿಗೆಯಿಂದ ವರ್ಷ ತುಂಬುವವರೆಗೆ

ಬಸಿರಿನ ಮೊದಲ ಮೂರು ತಿಂಗಳಲ್ಲೇ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಇದು ತಪಾಸಣೆಯ ಚೀಟಿಯಷ್ಟೇ ಅಲ್ಲ. ಹೆರಿಗೆ, ಲಸಿಕೆ, ತೂಕ ಎಲ್ಲವೂ ಇದರಲ್ಲೇ ದಾಖಲಾಗುತ್ತವೆ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಅದಕ್ಕೂ ಗಡುವಿದೆ, ಅರ್ಜಿಯನ್ನು ಬಾಣಂತನ ಮುಗಿಯಲಿ ಎಂದು ಮುಂದೂಡಬೇಡಿ.

ಸರ್ಕಾರಿ ದವಾಖಾನಿಯಲ್ಲಿ ಹೆರಿಗೆ ಸಂಪೂರ್ಣ ಉಚಿತ, ಸಿಸೇರಿಯನ್ ಆದರೂ ಅಷ್ಟೇ. ಔಷಧಿ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ವಾಹನ ಯಾವುದಕ್ಕೂ ದುಡ್ಡು ಕೇಳುವಂತಿಲ್ಲ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುವುದು ಇದನ್ನೇ. ಬಹಳ ಜನರಿಗೆ ಗೊತ್ತಿಲ್ಲದ ಭಾಗ ಇನ್ನೊಂದಿದೆ. ಕೂಸಿಗೆ ಒಂದು ವರ್ಷ ತುಂಬುವವರೆಗೆ ಯಾವ ಕಾಯಿಲೆ ಬಂದರೂ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧಿ ಇದೇ ಕಾರ್ಯಕ್ರಮದಡಿ ಉಚಿತ. ಬಾಣಂತಿ ಮತ್ತು ಕೂಸನ್ನು ಮನೆ ಮುಟ್ಟಿಸಲು 'ನಗು-ಮಗು' ವಾಹನವನ್ನು ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ಕೇಳಿ.

ಜನನ ಪ್ರಮಾಣಪತ್ರದ ವಿಷಯದಲ್ಲಿ ಗೊಂದಲ ಹೆಚ್ಚು. ನೋಂದಣಿ ಆಗುವುದು ನೀವು ವಾಸಿಸುವ ಊರಲ್ಲಲ್ಲ, ಕೂಸು ಹುಟ್ಟಿದ ಜಾಗದಲ್ಲಿ. ಗೋಪನಕೊಪ್ಪದ ಸೊಸೆ ತವರಿಗೆ ಹೋಗಿ ಗದಗಿನಲ್ಲಿ ಹೆತ್ತರೆ ದಾಖಲೆ ಗದಗಿನದು. ಅದನ್ನು ಹುಬ್ಬಳ್ಳಿಯ ಪಾಲಿಕೆಯಲ್ಲಿ ಕೇಳಿ ಅಲೆದರೆ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿ ಕಳಿಸುವುದು ಆಸ್ಪತ್ರೆಯ ಹೊಣೆ. 21 ದಿನದೊಳಗೆ ಶುಲ್ಕವಿಲ್ಲ, 30 ದಿನದವರೆಗೆ ತಡ ಶುಲ್ಕ, ಅದು ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಾಮಕರಣ ಆಗಿಲ್ಲ ಎಂದು ನೋಂದಣಿಯನ್ನೇ ನಿಲ್ಲಿಸುವವರಿದ್ದಾರೆ, ಅದರ ಅಗತ್ಯವಿಲ್ಲ. ಹೆಸರಿಲ್ಲದೆ ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ-ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿಯಂಥ ಕಡೆಗಳಲ್ಲಿ ಜನ್ಮದಿನದ ಪುರಾವೆ ಈ ಪತ್ರವೇ. ತಾಯಿಯ ಹೆಸರಿನ ಅಕ್ಷರ ಆಧಾರ್‌ನಲ್ಲಿದ್ದಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ. ಒಂದಕ್ಷರದ ತಪ್ಪನ್ನು ಆಮೇಲೆ ತಿದ್ದಿಸುವುದು ತಿಂಗಳುಗಟ್ಟಲೆಯ ಅಲೆದಾಟ.

ಲಸಿಕೆ ತಪ್ಪುವುದು ನಮ್ಮ ಕಡೆ ಹೆಚ್ಚಾಗಿ ತವರಿಂದ ಗಂಡನ ಮನೆಗೆ ಬರುವ ಹೊತ್ತಿನಲ್ಲಿ. ಆರು, ಹತ್ತು, ಹದಿನಾಲ್ಕು ವಾರದ ಸೂಜಿಗಳು ಬೀಳಬೇಕಾದ ತಿಂಗಳುಗಳಲ್ಲೇ ಕೂಸು ಎರಡು ಊರುಗಳ ನಡುವೆ ಇರುತ್ತದೆ. ಅಲ್ಲಿನ ಆಶಾ ಮಗು ಹೋಯಿತು ಎಂದು ಬಿಡುತ್ತಾರೆ, ಇಲ್ಲಿನವರಿಗೆ ಮಗು ಬಂದದ್ದೇ ಗೊತ್ತಿರುವುದಿಲ್ಲ. ತಾಯಿ ಕಾರ್ಡ್ ಯಾವ ಊರಲ್ಲಿ ಮಾಡಿಸಿದ್ದರೂ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಲಸಿಕೆ ಸಿಗುತ್ತದೆ. ಬಂದ ವಾರವೇ ಇಲ್ಲಿನ ಆಶಾಗೆ ಕಾರ್ಡ್ ತೋರಿಸಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕು, ಆಮೇಲೆ ಮೂರು ತಿಂಗಳಿಂದ ಹದಿನೈದು ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಸೂಜಿಯ ಮೊದಲ ಡೋಸು, 16ರಿಂದ 24 ತಿಂಗಳ ನಡುವೆ ಎರಡನೆಯದು. ಈ ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ. ದಡಾರದ ಲಸಿಕೆ ತಪ್ಪಿದ್ದರೆ ಐದು ವರ್ಷದವರೆಗೂ ಹಾಕುತ್ತಾರೆ, ನಾಚಿಕೆ ಪಡದೆ ಹೋಗಿ. ಸೂಜಿ ಹಾಕಿದ ರಾತ್ರಿ ಜ್ವರ ಬಂದರೆ ಅದು ಸಾಮಾನ್ಯ, ಮುಂದಿನ ಡೋಸು ಬಿಡಲು ಅದು ಕಾರಣವಲ್ಲ.

ಅಂಗನವಾಡಿಗೆ ರೇಷನ್ ಕಾರ್ಡ್ ಬೇಕಿಲ್ಲ

ಈ ಲೇಖನದಲ್ಲಿ ಒಂದೇ ಭಾಗ ಓದುವವರು ಇದನ್ನು ಓದಲಿ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿ. ನರಸೀಪುರ. ಆಗ ಅದು ಸರ್ಕಾರದ ಒಂದು ಕಾರ್ಯಕ್ರಮ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ, ಆಮೇಲೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿಯ ಊಟ ಕಾನೂನಿನ ಹಕ್ಕು. ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ವಯಸ್ಸಿಗೆ ತಕ್ಕ ಆಹಾರ ಉಚಿತ. ಮೂರು ವರ್ಷದೊಳಗಿನವರಿಗೆ ಮನೆಗೆ ಒಯ್ಯುವ ಪೊಟ್ಟಣ, ಮೂರು ದಾಟಿದವರಿಗೆ ಬೆಳಗಿನ ತಿಂಡಿ ಮತ್ತು ಬಿಸಿಯೂಟ. ಬಸುರಿ ಮತ್ತು ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಇದೇ ಕಾಯ್ದೆಯಡಿ ಊಟ. ಕರ್ನಾಟಕದಲ್ಲಿ 2017ರಿಂದ 'ಮಾತೃಪೂರ್ಣ' ಎಂಬ ಹೆಸರಲ್ಲಿ ನಡೆಯುತ್ತಿದೆ. ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರದು, ಮೊಟ್ಟೆಯೂ ಪಟ್ಟಿಯಲ್ಲಿದೆ.

ಕಾಯ್ದೆಯ ಈ ಭಾಗದಲ್ಲಿ ಬಿಪಿಎಲ್ ಎಂಬ ಷರತ್ತೇ ಇಲ್ಲ. ಸ್ವಂತ ಮನೆ, ಇಲ್ಲಿನ ವಿಳಾಸ, ಜಾತಿ ಪ್ರಮಾಣಪತ್ರ ಯಾವುದೂ ಷರತ್ತಲ್ಲ. ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬದ ಮಗುವಿಗೂ ಓಣಿಯ ಮನೆಮಾಲೀಕನ ಮಗುವಿಗೂ ಅಲ್ಲಿ ಒಂದೇ ಹಕ್ಕು. "ನಿಮ್ಮ ಹೆಸರು ನಿಮ್ಮ ಊರಾಗ ಐತ್ರಿ, ಇಲ್ಲಿ ಆಗಂಗಿಲ್ರಿ" ಎಂದು ಯಾರಾದರೂ ಅಂದರೆ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ವ್ಯವಸ್ಥೆ ಇದೆ ಎಂದು ನೆನಪಿಸಿ. ಹತ್ತಿರದಲ್ಲಿ ಅಂಗನವಾಡಿಯೇ ಇಲ್ಲದ ವಸತಿಯವರಿಗೂ ದಾರಿಯಿದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿ ವಸತಿಯವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು ಎಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕಾರು ಮನೆಯವರು ಸೇರಿ ಮಕ್ಕಳ ಹೆಸರು, ವಯಸ್ಸು ಬರೆದು ಸಹಿ ಮಾಡಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡುವುದು ಒಂದು ಮಧ್ಯಾಹ್ನದ ಕೆಲಸ.

ಅನ್ನಕ್ಕಿಂತ ಅಲ್ಲಿನ ತಕ್ಕಡಿ ಮುಖ್ಯ ಎಂದು ನಾನು ನಂಬಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಇವರೆಲ್ಲ ಉಪವಾಸ ಬಿದ್ದ ಮನೆಗಳ ಮಕ್ಕಳಲ್ಲ. ಬಿಸ್ಕಿಟು, ಚಹಾದಲ್ಲಿ ಹೊಟ್ಟೆ ತುಂಬಿಸಿಕೊಂಡು ಆಟವಾಡಿಕೊಂಡಿರುವ ಮಕ್ಕಳೂ ಈ ಲೆಕ್ಕದಲ್ಲಿದ್ದಾರೆ, ಅಂಥವರ ಸೊರಗುವಿಕೆ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ತಿಂಗಳೂ ತೂಕ ಹಾಕಿಸಿ, ಕಾರ್ಡಿನ ಗೆರೆ ಮೇಲಕ್ಕೆ ಹೋಗಿದೆಯೋ ಅಡ್ಡ ಮಲಗಿದೆಯೋ ಎಂದು ಅಂಗನವಾಡಿ ಅಕ್ಕೋರನ್ನು ಕೇಳಿ. ಎರಡು ತಿಂಗಳು ಒಂದೇ ಮಟ್ಟದಲ್ಲಿದ್ದರೆ ವೈದ್ಯರಿಗೆ ತೋರಿಸಿ. ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಸುಮಾರು ಎರಡು ವಾರ ಆರೈಕೆ ಮಾಡುತ್ತಾರೆ. ಜೊತೆಗಿರುವ ತಾಯಿಗೆ ಊಟ, ಕಳೆದುಹೋದ ಕೂಲಿಗೆ ಪರಿಹಾರ ಎರಡೂ ಉಂಟು. ಮನೆಯಲ್ಲಿ ಇನ್ನೊಂದು ಮಗುವಿದೆ, ಕೂಲಿ ಹೋಗುತ್ತದೆ ಎಂದು ಎಷ್ಟೋ ತಾಯಂದಿರು ನಡುವೆಯೇ ಎದ್ದು ಬರುತ್ತಾರೆ. ಅಂಥ ಹೊತ್ತಿನಲ್ಲಿ ದೊಡ್ಡ ಮಗುವನ್ನು ನೋಡಿಕೊಳ್ಳಲು ಅತ್ತಿಗೆಯೋ ಪಕ್ಕದ ಮನೆಯವರೋ ಮುಂದೆ ಬಂದರೆ ಒಂದು ಜೀವ ಉಳಿಯುತ್ತದೆ. ಇನ್ನೂ ದೊಡ್ಡ ಚಿಕಿತ್ಸೆ ಬೇಕಾದ ಅಪೌಷ್ಟಿಕ ಮಕ್ಕಳಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ 'ಬಾಲ ಸಂಜೀವಿನಿ' ಯೋಜನೆಯಿದೆ.

ಶಾಲೆಗೆ ಹೋಗುವ ಮಕ್ಕಳಿಗೆ ಹದಿನಾಲ್ಕು ವರ್ಷದವರೆಗೆ ಬಿಸಿಯೂಟ, ವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗಿ, ವರ್ಷಕ್ಕೆರಡು ಸಲ ಜಂತುಹುಳದ ಗುಳಿಗಿ. ಗುಳಿಗಿ ಊಟವಾದ ಮೇಲೆ ನುಂಗಲು ಹೇಳಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಮಕ್ಕಳು ಮತ್ತೆ ಅದನ್ನು ಮುಟ್ಟುವುದಿಲ್ಲ.

ಶಾಲೆಗೆ ಡಾಕ್ಟರ್ ಬಂದ ದಿನ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಈ ನಾಲ್ಕನ್ನು ಹುಟ್ಟಿನಿಂದ 18 ವರ್ಷದವರೆಗೆ ನೋಡುತ್ತಾರೆ. ಹೃದಯದಲ್ಲಿ ರಂಧ್ರ, ಸೀಳುತುಟಿ, ತಿರುಚಿದ ಪಾದದಂಥವು ಕಂಡರೆ ಶಸ್ತ್ರಚಿಕಿತ್ಸೆಯವರೆಗಿನ ಖರ್ಚು ಸರ್ಕಾರದ್ದು. ಬರುವ ದಿನವನ್ನು ಮೊದಲೇ ಕೇಳಿ ತಿಳಿದು, ಮಗುವಿನೊಂದಿಗೆ ನೀವೂ ಹೋಗಿ. ಮಗು ಕರೆದರೆ ತಿರುಗುವುದಿಲ್ಲ, ರಾತ್ರಿ ಕಣ್ಣು ಕಾಣದು, ಓಡಿದರೆ ಏದುಸಿರು ಎಂದು ಹೇಳಬಲ್ಲವರು ಮನೆಯವರೇ.

ಇಲ್ಲಿಯೂ ವಯಸ್ಸೇ ಲೆಕ್ಕ. ತಿರುಚಿದ ಪಾದಕ್ಕೆ ಹುಟ್ಟಿದ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರುಮಾಡಿದರೆ ಹೆಚ್ಚಿನ ಮಕ್ಕಳಿಗೆ ದೊಡ್ಡ ಆಪರೇಶನ್ ಬೇಕಾಗುವುದಿಲ್ಲ. ಸೀಳುತುಟಿಯನ್ನು ಮೂರು ತಿಂಗಳಿಂದಾಚೆ, ಅಂಗುಳವನ್ನು ಮಾತು ಕಲಿಯುವ ಮೊದಲು ಸರಿಪಡಿಸುವುದು ಒಳ್ಳೆಯದು. ಕಿವುಡುತನವನ್ನು ಚಿಕ್ಕಂದಿನಲ್ಲೇ ಗುರುತಿಸಿದರೆ ಮಾತು ಉಳಿಯುತ್ತದೆ. "ಅವರಪ್ಪನೂ ತಡವಾಗೇ ಮಾತಾಡಿದ" ಎಂಬ ಸಮಾಧಾನವನ್ನು ಎರಡು ವರ್ಷ ದಾಟಿದ ಮಗುವಿನ ವಿಷಯದಲ್ಲಿ ದಯವಿಟ್ಟು ಒಪ್ಪಿಕೊಳ್ಳಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಮಗುವನ್ನು ಕರೆದೊಯ್ಯಲು ಜನ ಹಿಂಜರಿಯುವುದು ಮಾನಸಿಕ ಆಸ್ಪತ್ರೆ ಎಂಬ ಆ ಆವರಣದ ಹಳೆಯ ಹೆಸರಿನಿಂದ. ಕಲಿಕೆಯ ತೊಂದರೆ, ಆಟಿಸಂ, ಹದಿಹರೆಯದ ಖಿನ್ನತೆಗೆ ಅಲ್ಲಿ ಸಿಗುವ ನೆರವನ್ನು ನಾಚಿಕೆಗಾಗಿ ಬಿಟ್ಟುಕೊಡಬಾರದು. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416.

ಅಂಗವೈಕಲ್ಯವಿದ್ದರೆ ಅದರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮಾಸಾಶನಕ್ಕೆ ಮಗು ದೊಡ್ಡದಾಗಲಿ ಎಂದು ಕಾಯಬೇಕಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ವೈಕಲ್ಯದ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚನ್ನೂ ಸೇರಿಸಿ ಕೊಡುತ್ತದೆ.

ದವಾಖಾನಿಯ ಮೆಟ್ಟಿಲಲ್ಲಿ

ಕೆಮ್ಮು, ಜ್ವರ, ಭೇದಿಗೆ ನೇರ ದೊಡ್ಡಾಸ್ಪತ್ರೆಗೆ ಓಡುವ ಅಗತ್ಯವಿಲ್ಲ. ರಾಜ್ಯದ 'ನಮ್ಮ ಕ್ಲಿನಿಕ್'ಗಳಿಗೆ 2022ರ ಡಿಸೆಂಬರ್ 14ರಂದು ಚಾಲನೆ ಸಿಕ್ಕಿದ್ದೇ ನಮ್ಮ ಹುಬ್ಬಳ್ಳಿಯಲ್ಲಿ, ಭೈರಿದೇವರಕೊಪ್ಪದಿಂದ. ಅಲ್ಲಿ ತಪಾಸಣೆ, ಔಷಧಿ ಉಚಿತ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಗುಳಿಗಿಯನ್ನು 14 ದಿನ ಕೊಡಬೇಕು. ಭೇದಿ ನಿಂತಿತೆಂದು ಗುಳಿಗಿ ನಿಲ್ಲಿಸಬೇಡಿ. ಉಸಿರಾಡುವಾಗ ಎದೆ ಒಳಗೆಳೆದರೆ, ಫಿಟ್ಸ್ ಬಂದರೆ, ಕೂಸು ಮೊಲೆ ಹಿಡಿಯದಿದ್ದರೆ ಮಾತ್ರ ತಡ ಮಾಡದೆ 108ಕ್ಕೆ ಕರೆ ಮಾಡಿ ಕಿಮ್ಸ್‌ಗೆ ಹೋಗಿ. ಹಿರಿಯರು ಇನ್ನೂ ಕೆಎಂಸಿ ಎನ್ನುವ, ಈಗ ಕೆಎಂಸಿಆರ್‌ಐ ಎಂದು ಹೆಸರು ಬದಲಾದ ವಿದ್ಯಾನಗರದ ಆಸ್ಪತ್ರೆ ಅದೇ.

ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ; ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಸಾಲ ಮಾಡಿ ಅಡ್ಮಿಟ್ ಆದ ಮೇಲೆ ಪತ್ರ ಹುಡುಕಿದರೆ ಕಟ್ಟಿದ ಹಣ ವಾಪಸ್ ಬರುವುದು ಕಷ್ಟ. ತುರ್ತು ಸ್ಥಿತಿಯಲ್ಲಿ ರೆಫರಲ್ ಬೇಕಿಲ್ಲ, ಮುಂಗಡ ಕಟ್ಟದ ಹೊರತು ಮುಟ್ಟುವುದಿಲ್ಲ ಎಂದು ಖಾಸಗಿ ಆಸ್ಪತ್ರೆಯೂ ಹೇಳುವಂತಿಲ್ಲ.

ಆಸರೆ ತಪ್ಪಿದ ಮಕ್ಕಳು

ತಂದೆ ತೀರಿಹೋದ, ತಾಯಿಯನ್ನು ಬಿಟ್ಟುಹೋದ, ಹೆತ್ತವರಿಬ್ಬರೂ ಇಲ್ಲದೆ ಅಜ್ಜಿಯ ಬಳಿಯಿರುವ, ಅಥವಾ ಹೆತ್ತವರು ದುಡಿಯಲಾಗದಂಥ ಕಾಯಿಲೆಗೆ ಬಿದ್ದ ಮಕ್ಕಳಿಗೆ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವದ ನೆರವು ತಿಂಗಳಿಗೆ 4,000 ರೂಪಾಯಿ. ಮಗುವನ್ನು ಹಾಸ್ಟೆಲಿಗೋ ಬಾಲಮಂದಿರಕ್ಕೋ ಕಳಿಸದೆ ಮನೆಯಲ್ಲೇ ಬೆಳೆಸಲೆಂದೇ ಈ ಹಣ. ಆದಾಯ ಮಿತಿ ಹಳ್ಳಿಗಳಲ್ಲಿ ವರ್ಷಕ್ಕೆ 72,000, ನಗರದಲ್ಲಿ 96,000 ರೂಪಾಯಿ. ಗೋಪನಕೊಪ್ಪ ಪಾಲಿಕೆಯೊಳಗಿರುವುದರಿಂದ ಇಲ್ಲಿಗೆ ಎರಡನೆಯ ಮಿತಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮರಣ ಪ್ರಮಾಣಪತ್ರ ಅಥವಾ ವೈದ್ಯರ ಪತ್ರ, ಆದಾಯ ಪತ್ರ, ಶಾಲೆಯ ವ್ಯಾಸಂಗ ಪತ್ರ, ಮಗುವಿನ ಬ್ಯಾಂಕ್ ಪುಸ್ತಕದೊಂದಿಗೆ ಅರ್ಜಿ ಕೊಡಿ. ಮಗು ಶಾಲೆ ಬಿಟ್ಟರೆ ನೆರವು ನಿಲ್ಲುತ್ತದೆ.

ಬಿಟ್ಟುಹೋದ ಕೂಸು ಸಿಕ್ಕರೆ ಮಕ್ಕಳಿಲ್ಲದ ನೆಂಟರಿಗೆ ಕೊಟ್ಟುಬಿಡುವುದು ಪುಣ್ಯದ ಕೆಲಸವೆಂದು ತೋರಬಹುದು, ಕಾನೂನಿನಲ್ಲಿ ಅದು ಅಪರಾಧ. 24 ತಾಸಿನೊಳಗೆ ಮಕ್ಕಳ ಸಹಾಯವಾಣಿ 1098, ಪೊಲೀಸ್ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಾಕಲಾಗದ ತಾಯಿ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾಯಿಸಲು ಆಕೆಗೆ 60 ದಿನದ ಅವಕಾಶವಿದೆ. ಆಕೆಯನ್ನು ಬೈಯುವ ಬದಲು ಈ ದಾರಿ ತೋರಿಸಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ ಮೊದಲು ಚಿಕಿತ್ಸೆ. ಸರ್ಕಾರಿ, ಖಾಸಗಿ ಯಾವುದೇ ಆಸ್ಪತ್ರೆ ಎಫ್‌ಐಆರ್ ತನ್ನಿ ಎಂದು ಕಾಯಿಸುವಂತಿಲ್ಲ, ಹಣ ಕೇಳುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಮನೆತನದ ಮರ್ಯಾದೆಗೆಂದು ಮುಚ್ಚಿಟ್ಟ ಪ್ರಕರಣಗಳಲ್ಲಿ ಮಗು ಅದೇ ಕೈಗೆ ಮತ್ತೆ ಸಿಕ್ಕಿಬೀಳುತ್ತದೆ.

ಆಗಂಗಿಲ್ರಿ ಅಂದರೆ

ಬಾಯಿಮಾತಿನ ನಿರಾಕರಣೆಗೆ ತಿರುಗಿ ಬರಬೇಡಿ. ಒಂದು ಹಾಳೆಯಲ್ಲಿ ಮಗುವಿನ ಹೆಸರು, ವಯಸ್ಸು, ಕೇಳಿದ್ದು ಏನು, ಯಾವ ದಿನ ಎಂದು ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಅಂಗನವಾಡಿಯ ದೂರು ಮೇಲ್ವಿಚಾರಕಿಗೆ, ಆಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಆಹಾರ ಕೊಡದಿದ್ದರೆ ಅದರ ಬದಲು ಭತ್ಯೆ ಕೇಳುವ ಹಕ್ಕು ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ಪ್ರಮಾಣಪತ್ರ, ಮಾಸಾಶನದ ಅರ್ಜಿಗಳು 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಡಿ ಬರುತ್ತವೆ. ಸಕಾಲ ಸಂಖ್ಯೆ ಇರುವ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ಎಲ್ಲಿಯೂ ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ಬರೆಯಬಹುದು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತವಾಗಿ ಕೊಡುತ್ತದೆ, ಸಹಾಯವಾಣಿ 15100.

ಆದರೂ ಅಂಗನವಾಡಿ ಅಕ್ಕೋರು, ಆಶಾ ಇವರೊಂದಿಗೆ ಜಗಳದಿಂದ ಶುರುಮಾಡಬೇಡಿ. ಕಡಿಮೆ ಗೌರವಧನದಲ್ಲಿ ಆ್ಯಪ್, ಸಮೀಕ್ಷೆ, ಅಡುಗೆ, ಪಾಠ ಎಲ್ಲವನ್ನೂ ಹೊತ್ತವರು ಅವರು. ಪೊಟ್ಟಣ ಬಂದಿಲ್ಲವೆಂದರೆ ಹೆಚ್ಚಿನ ಸಲ ಅವರಿಗೂ ಬಂದಿರುವುದಿಲ್ಲ. ಅವರ ಜೊತೆ ನಿಂತು ಮೇಲಿನವರಿಗೆ ಬರೆದ ಅರ್ಜಿಗೆ ತೂಕ ಹೆಚ್ಚು. ಪ್ರತಿ ಅಂಗನವಾಡಿಗೂ ತಾಯಂದಿರಿರುವ ಬಾಲವಿಕಾಸ ಸಮಿತಿ ಇರಬೇಕು, ಮುಂದಿನ ಸಭೆ ಯಾವಾಗ ಎಂದು ಕೇಳಿ ಹೋಗಿ ಕೂತುಕೊಳ್ಳಿ.

ಈ ಪುಟ ಓದುತ್ತಿರುವವರ ಮಕ್ಕಳು ಬಹುಶಃ ಆಗಲೇ ಶಾಲೆಯಲ್ಲಿದ್ದಾರೆ. ನಿಮ್ಮ ಓಣಿಯಲ್ಲಿ ಕಟ್ಟುತ್ತಿರುವ ಮನೆಯ ಶೆಡ್ಡಿನಲ್ಲೋ ಹಿಂದಿನ ಬಾಡಿಗೆ ಕೋಣೆಯಲ್ಲೋ ಎರಡು ವರ್ಷದೊಳಗಿನ ಕೂಸಿದ್ದರೆ, ಈ ವಾರವೇ ಆ ತಾಯಿಯ ಜೊತೆ ಅಂಗನವಾಡಿಗೆ ಹೋಗಿ ಹೆಸರು ಬರೆಸಿ, ತಾಯಿ ಕಾರ್ಡಿನಲ್ಲಿ ಯಾವ ಸೂಜಿ ಬಾಕಿಯಿದೆ ಎಂದು ನೋಡಿ ಹೇಳಿ.